ಹನ್ನೊಂದನೆಯ ಕಾಲಂ

ಬರೆದುಕೋ ಮಗು: ತ್ಸಿಯಾಲಾ. ವಯಸ್ಸು ಐವತ್ತೆಂಟು.
ಊರು ಇದೇ. ಕೆಳಗೆ ಕ್ವಿರಿಲಾ ಹೊಳೆ,
ಮೇಲೆ ಮ್ಯಾಂಗನೀಸ್ ಗಣಿ,
ನಡುವೆ ನಾನು.
ಹನ್ನೊಂದನೆಯ ಕಾಲಮ್ಮಿಗೆ ಬಂದು ನಿನ್ನ ಪೆನ್ನು ನಿಂತಿತು.
ಉದ್ಯೋಗ?

ಏನಂತ ಹೇಳಲಿ.
ತಂತಿಗೆ ನೇತುಹಾಕಿದ ತಗಡಿನ ಡಬ್ಬಿಯೊಳಗೆ
ಮೂವತ್ತೊಂದು ವರ್ಷದಿಂದ ನಿಂತಿದ್ದೇನೆ.
ಬಾಗಿಲು ಹಾಕುತ್ತೇನೆ, ಚಿಲಕ ಎಳೆದು ನೋಡುತ್ತೇನೆ,
ಎರಡು ಸಲ ಗಂಟೆ ಒತ್ತುತ್ತೇನೆ.
ನಾಲ್ಕೂವರೆ ನಿಮಿಷ.
ಬಾಗಿಲು ತೆಗೆಯುತ್ತೇನೆ.
ದಿನಕ್ಕೆ ಐವತ್ತು ಸಲ ಹೋಗಿಬಂದರೂ
ನಾನು ಪ್ರಯಾಣಿಕಳಲ್ಲ,
ಚಾಲಕಿಯೂ ಅಲ್ಲ. ಎಳೆಯುತ್ತಿದ್ದವನು ನೋದಾರ್,
ಮೇಲಿನ ಸ್ಟೇಷನ್ನಿನ ಯಂತ್ರದ ಕೋಣೆಯಲ್ಲಿ ಕೂತು.

ಇಷ್ಟಪಟ್ಟು ಮಾಡ್ತೀರಾ ಅಂತ ಕೇಳಿದೆಯಲ್ಲ,
ಆ ಪ್ರಶ್ನೆ ನಿನ್ನ ಹಾಳೆಯಲ್ಲಿ ಇಲ್ಲ, ನೋಡಿದೆ.
ಇರಲಿ, ಹೇಳುತ್ತೇನೆ.
ನನಗೆ ಎತ್ತರ ಅಂದರೆ ಭಯ.
ನಗಬೇಡ. ಇವತ್ತಿಗೂ ಭಯ.
ಮೊದಲ ದಿನ ಕರುಳು ಕಿತ್ತು ಬಾಯಿಗೆ ಬಂದಿತ್ತು.
ಮಗಳಿಗೆ ಆಗ ಎಂಟು ತಿಂಗಳು,
ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ.
ಕಿಟಕಿಯಾಚೆ ನೋಡದಿರಲು ದಾರಿಯೊಂದು ಹುಡುಕಿಕೊಂಡೆ:
ಹತ್ತಿದವರ ಕಾಲನ್ನೇ ನೋಡುತ್ತ ನಿಂತೆ.

ಗಣಿಯವರ ಬೂಟು ಏರುವಾಗ ಕಂದು, ಇಳಿಯುವಾಗ ಕಪ್ಪು.
ಲಾಮಾರಾ ಟೀಚರ ಎಡ ಹಿಮ್ಮಡಿ ಮಾತ್ರ ಸವೆಯುತ್ತದೆ,
ಒಂದೇ ಹೆಗಲಿಗೆ ಚೀಲ ಹೊರುತ್ತಾರಲ್ಲ, ಅದಕ್ಕೆ.
ಮದುಮಗಳೊಬ್ಬಳು ಬರಿಗಾಲಲ್ಲಿ ಬಂದಳು,
ಬಿಳಿ ಬೂಟು ಕಂಕುಳಲ್ಲಿ.
ಯಾಕೆ ಅಂತ ನಾನು ಕೇಳಲಿಲ್ಲ.
ಒಮ್ಮೆ ನಾಲ್ಕು ಗೊರಸು. ಟಗರು.
ಅದಕ್ಕೂ ಎತ್ತರ ಅಂದರೆ ಭಯ, ಬಂದು ನನ್ನ ಮೊಣಕಾಲಿಗೆ ಒತ್ತಿ ನಿಂತಿತು.
ಅವತ್ತೊಂದು ದಿನ ನಾನು ಧೈರ್ಯವಂತೆ.

ಕರೆಂಟು ಹೋದರೆ ನಡುವೆಯೇ ನೇತಾಡುತ್ತೇವೆ.
ಒಂದು ಚಳಿಗಾಲ ಮೂರು ಗಂಟೆ. ಹಿಮ. ಹನ್ನೊಂದು ಜನ.
ಎಲ್ಲರೂ ನನ್ನ ಮುಖ ನೋಡಿದರು,
ತಂತಿಯ ಮನಸ್ಸು ನನಗೆ ಗೊತ್ತಿರುವ ಹಾಗೆ.
ಫೋನು ಸತ್ತಿತ್ತು.
ಕಿವಿಗೆ ಹಿಡಿದುಕೊಂಡೇ ಇದ್ದೆ:
ಹೂಂ ನೋದಾರ್, ಸರಿ ನೋದಾರ್, ಇನ್ನು ಹತ್ತೇ ನಿಮಿಷವಂತೆ.
ಆ ಸುಳ್ಳಿಗೆ ಯಾವ ತಿಂಗಳೂ ಸಂಬಳ ಬರಲಿಲ್ಲ,
ಆದರೆ ನಾನು ದುಡಿದದ್ದು ಅಂದರೆ ಅದೊಂದೇ ಅನ್ನಿಸುತ್ತದೆ.

ಇಪ್ಪತ್ತಾರು ವರ್ಷ ನೋದಾರ್ ಆಡಿದ್ದು ಮೂರು ಮಾತು:
ತುಂಬಿತಾ. ಬಿಡಲಾ. ಮನೆಗೆ ಹೋಗು.
ಉಳಿದದ್ದು ಕೆಮ್ಮು.
ಹೋದ ಫೆಬ್ರವರಿಯಲ್ಲಿ ಅವನ ಪೆಟ್ಟಿಗೆ ಕೆಳಗಿಳಿದದ್ದು ಇದರಲ್ಲೇ,
ಮಲಗಿಸಲು ಜಾಗ ಸಾಲದೆ ಓರೆಯಾಗಿ ನಿಲ್ಲಿಸಿಕೊಂಡು.
ಮಗನ ಕೈಯಲ್ಲಿ ಅವನ ಬೂಟುಗಳಿದ್ದವು,
ಯಾರಿಗೆ ಕೊಡಬೇಕೋ ತಿಳಿಯದೆ ಹಿಡಿದುಕೊಂಡಿದ್ದ.
ಅಡಿ ಸವೆದೇ ಇಲ್ಲ. ಕೂತು ಮಾಡುವ ಕೆಲಸ.
ಬಲಗಾಲಿನ ತುದಿಯೊಂದು, ಬ್ರೇಕು ತುಳಿದು ತುಳಿದು,
ಹೊಳೆಗಲ್ಲಿನಷ್ಟು ನುಣುಪು.
ಅಷ್ಟೂ ವರ್ಷ ನಾವು ನಿಂತದ್ದು ಅಲ್ಲಿ.

ಯಂತ್ರದ ಹತ್ತಿರ ಹೊಸ ಹುಡುಗ. ತಲುಪುವಾಗ ಎತ್ತಿಹಾಕಿದ.
ಯಾರನ್ನೂ ಎತ್ತಿಹಾಕದವನನ್ನು
ಹಾಗೆ ಎತ್ತಿಹಾಕಿದ.

ಬರುವ ವರ್ಷ ಹೊಸ ಡಬ್ಬಿಗಳಂತೆ,
ಬಾಗಿಲು ತಾವೇ ಹಾಕಿಕೊಳ್ಳುತ್ತವಂತೆ.
ನನ್ನನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸುತ್ತಾರಂತೆ, ಹೀಟರ್ ಕೊಟ್ಟು.
ಒಳ್ಳೆಯದೇ, ಮಂಡಿ ಬೇಡ ಅನ್ನುತ್ತಿದೆ.
ಆದರೆ ಆ ಕಿಟಕಿಯಲ್ಲಿ ಬರೀ ಮುಖ ಕಾಣುತ್ತದೆ.
ಯಾರು ಯಾರೆಂದು ಹೇಗೆ ಗುರುತಿಸಲಿ?

ಮೂರು ಸಲ ಮೇಲೆ ಕೆಳಗೆ ಸುತ್ತಿಸಿದೆ ನಿನ್ನನ್ನು,
ಇನ್ನೂ ಆ ಖಾನೆ ಖಾಲಿ.
'ಇತರೆ' ಅಂತ ಒಂದು ಇರುತ್ತದಲ್ಲ, ಅದನ್ನೇ ಹಾಕು.
ಬಂತು ನೋಡು. ಲೇಸು ಬಿಚ್ಚಿದೆ, ಕಟ್ಟಿಕೋ.
ಹೊಸ ಬೂಟು, ಒಂದು ಅಳತೆ ದೊಡ್ಡದು,
ಅಣ್ಣನದು ಇರಬೇಕು.
ತಡಿ, ನೀನು ಮುಟ್ಟಬೇಡ,
ಚಿಲಕ ನಾನು ತೆಗೆಯುತ್ತೇನೆ.