ಅಳತೆ ರವಿಕೆ

ನಾನು ಯಾರ ಮೇಲೂ ಕೈ ಮಾಡಿದವಳಲ್ಲ.
ಮಧುಗಿರಿಯಲ್ಲಿ ಯಾರನ್ನು ಬೇಕಾದರೂ ಕೇಳಿ.
ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟೆ,
ಬೀಳ್ಕೊಡುಗೆಯ ದಿನ ಹೆಡ್ಮಾಸ್ಟರು ಮೈಕಿನಲ್ಲೇ ಅಂದರು:
ವಿಮಲಾಕ್ಷಿ ಮಿಸ್ಸು ಅಂದರೆ ತಾಯಿ.
ಆ ಶಾಲು ಇನ್ನೂ ಮಡಿಕೆ ಬಿಚ್ಚದೆ ಬೀರುವಿನಲ್ಲಿದೆ.

ದಂಡಿನ ಮಾರಮ್ಮನ ಗುಡಿ ದಾರಿಯಲ್ಲಿ ಹೊಸ ಟೈಲರ್ ಅಂಗಡಿ.
ಅಳತೆ ರವಿಕೆ ಕೊಟ್ಟೆ. ಬಟ್ಟೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಎಳೆದ.
ಎಡಗೈ ಕಿರುಬೆರಳು ಮಾತ್ರ ಬಟ್ಟೆಗೆ ತಾಗದೆ
ಕೊಕ್ಕೆಯ ಹಾಗೆ ಮೇಲೇ ನಿಂತಿತ್ತು.
"ಗುರುತು ಸಿಕ್ತಾ ಮಿಸ್? ಕದರಪ್ಪ. ಐದನೇ ಕ್ಲಾಸು,
ಹದಿನೇಳರ ಮಗ್ಗಿ" ಅಂತ ಬೆರಳು ತೋರಿಸಿ ನಕ್ಕ.
ಬೈಯಲಿಲ್ಲ. ನಕ್ಕ, ಅಷ್ಟೆ.
ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಅದು ನಾನಲ್ಲಪ್ಪ, ಅಂದೆ. ಹಿಂದಿ ಮೇಷ್ಟ್ರು ಶಾಮಾಚಾರ್ರು ಇರಬೇಕು,
ಅವರದು ಕೈ ಸ್ವಲ್ಪ ಮುಂದು.
"ಇರಬೌದು ಮಿಸ್" ಅಂದ. ಚೀಟಿ ಬರೆದ. ಬುಧವಾರ ಬನ್ನಿ.

ಈ ಊರಲ್ಲಿ ಯಾವ ಬೀದಿಗೆ ತಿರುಗಿದರೂ
ಬೆಟ್ಟ ಎದುರಿಗೇ ನಿಂತಿರುತ್ತದೆ.
ಹುಡುಗರು ಬೀಳುತ್ತಾರೆ. ಬೇಲದ ಮರ, ಕಾಂಪೌಂಡು, ಲಗೋರಿ,
ಮೂಳೆ ಮುರಿಯಲು ಅವರಿಗೆ ಮಿಸ್ಸೇ ಬೇಕೆ?
ನಮ್ಮ ಸ್ಕೂಲಿನಲ್ಲಿ ಮರದ ಸ್ಕೇಲೇ ಇರಲಿಲ್ಲ.
ಇದ್ದದ್ದು ಒಂದು, ಬೋರ್ಡಿನ ಮೇಲೆ ಗೆರೆ ಎಳೆಯಲಿಕ್ಕೆ.
ಅದನ್ನು ಎತ್ತಿದರೂ ಚಪ್ಪಟೆ ಮುಖದಲ್ಲಿ,
ಅಂಚಿನಲ್ಲಿ ಎಂದೂ ಇಲ್ಲ.
ಅಂಚು ತಾಗಿದ್ದರೆ ಅವನೇ ಕೈ ತಿರುಗಿಸಿರಬೇಕು.
ಕೈ ಎಳಕೋಬೇಡ ಅಂತ ಎಷ್ಟು ಸಲ ಹೇಳಿದ್ದೆ!
ಹದಿನೇಳೆಂಟ್ಲ ನೂರ ಮೂವತ್ತಾರು.
ಅಲ್ಲಿಗೆ ಬಂದು ನಿಂತುಬಿಟ್ಟಿದ್ದ, ನೆನಪಿದೆ.
ಇಲ್ಲ, ನೆನಪಿಲ್ಲ. ಎಲ್ಲರೂ ಅಲ್ಲಿಗೇ ನಿಲ್ಲುತ್ತಿದ್ದರು.
ಇವತ್ತು ಅಂಗಡಿ ಇಟ್ಟಿದ್ದಾನೆ, ಇಂಚು ಕಾಲಿಂಚು ಲೆಕ್ಕ ಬರುತ್ತದೆ,
ಯಾರ ಪುಣ್ಯ ಅದು?

ಬುಧವಾರ ತಂದು, ತೊಟ್ಟು, ಕನ್ನಡಿಯ ಮುಂದೆ ನಿಂತೆ.
ತೋಳು ಸರಿ. ಕತ್ತು ಸರಿ. ಕಂಕುಳಲ್ಲಿ ಬಿಗಿಯಿಲ್ಲ, ಸಡಿಲವಿಲ್ಲ.
ಇಷ್ಟು ವರ್ಷದಲ್ಲಿ ಯಾರೂ ನನಗೆ
ಇಷ್ಟು ಹೊಂದುವ ಹಾಗೆ ಹೊಲಿದುಕೊಟ್ಟಿಲ್ಲ.
ಬಿಚ್ಚಿ, ಒಳಮಗ್ಗುಲು ತಿರುಗಿಸಿ, ಕನ್ನಡಕ ಹಾಕಿಕೊಂಡು
ಟ್ಯೂಬ್‌ಲೈಟಿನ ಕೆಳಗೆ ಒಂದೊಂದೇ ಹೊಲಿಗೆ ನೋಡಿದೆ.
ಮುದ್ದೆ ಆರಿತು.
ಕಾಜದಿಂದ ಕಾಜಕ್ಕೆ ಸಮ.

ಬ್ಲೇಡು ಸೂಜಿಡಬ್ಬಿಯಲ್ಲಿತ್ತು.
ಎಡಪಕ್ಕದಲ್ಲಿ ನಾಲ್ಕೇ ನಾಲ್ಕು ಹೊಲಿಗೆ.
ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ ತೋರಿಸಬೇಕು:
ನೋಡಪ್ಪ ಕದರಪ್ಪ,
ಗಮನ ಇಟ್ಟು ಮಾಡು ಅಂತ
ಆಗಲೂ ಹೇಳಿದ್ದೆ.