ಎರಡನೇ ರಿಮೋಟು

ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ ಇರಲಿಲ್ಲ.
ಇದನ್ನು ಮೊದಲೇ ಹೇಳಿಬಿಡಬೇಕು,
ಅದು ಯಾವಾಗಲೂ ನನ್ನ ಕೈಯಲ್ಲೇ ಇತ್ತು.
ಶುರು ಮಾಡುವವನು ಚೌಡೇಶ,
ನಿಲ್ಲಿಸುವವನೂ ಅವನೇ.
ನನಗೆ ಮೂಗು ಸೋರಲಿ, ಅಮ್ಮ ಕೂಗಲಿ,
ನನ್ನ ಟ್ಯಾಂಕು ಓಡುತ್ತಲೇ ಇರಬೇಕು.

ಕಬ್ಬನ್‌ಪೇಟೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ,
ನಡುಮನೆಯಲ್ಲಿ ನಾವು.
ಮಗ್ಗ ಓಡುವಾಗ ಓಲ್ಟೇಜು ಕುಸಿದು
ಟೀವಿಯೊಳಗಿನ ಇಟ್ಟಿಗೆ ಗೋಡೆಗಳು
ಚಳಿಜ್ವರ ಬಂದ ಹಾಗೆ ನಡುಗುತ್ತಿದ್ದವು.
ಅಪ್ಪ ಊಟಕ್ಕೆ ಕೂತಾಗ ಮಾತ್ರ ನಿಲ್ಲುತ್ತಿತ್ತು ಆ ಸದ್ದು.
ಮುದ್ದೆ, ಅನ್ನ, ಮಜ್ಜಿಗೆ:
ಅಷ್ಟೇ ನಮ್ಮ ಹೊತ್ತು.
ಅವರು ಮಜ್ಜಿಗೆಗೆ ಬರುವಷ್ಟರಲ್ಲಿ
ಹನ್ನೊಂದನೇ ಹಂತ ದಾಟಿರಬೇಕು.
ಒಂದು ದಿನ ಅಮ್ಮ, ಬೇಡ ಬೇಡವೆಂದರೂ,
ಇನ್ನರ್ಧ ಮುದ್ದೆ ಇಟ್ಟಳು ಅವರ ತಟ್ಟೆಗೆ.
ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ನ್ಯಾಷನಲ್ ಮಾರ್ಕೆಟ್ಟಿನ ಹಳದಿ ಕ್ಯಾಸೆಟ್ಟು.
ಮೇಲೆ ಬರೆದಿತ್ತು
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ.
ಒಳಗಿದ್ದದ್ದು ಇಪ್ಪತ್ತೊಂದು.
ಮಿಕ್ಕವೆಲ್ಲ ಅವೇ, ಹೆಸರು ಬೇರೆ;
ಒಂದು ಮೂರನೇ ಹಂತದಿಂದ ಶುರು, ಇನ್ನೊಂದು ಏಳರಿಂದ.
ಟೋಪಿ ಹಾಕಿದ ಅಂತ ಚೌಡೇಶ ಅತ್ತ.
ನಾನು ಇಡೀ ಬೇಸಿಗೆ ಎಣಿಸುತ್ತಲೇ ಇದ್ದೆ,
ಎಲ್ಲೋ ನಾಲ್ಕು ಸಾವಿರದ ಆಚೆ
ಯಾರೂ ಆಡದ ಆಟವೊಂದು ಇದ್ದೇ ಇರುತ್ತದೆ ಎಂದು.

ಕ್ಯಾಸೆಟ್ಟು ಹಿಡಿಯದಿದ್ದರೆ ಊದಬೇಕು.
ಒಲೆ ಊದಿದ ಹಾಗಲ್ಲ ಕಣೇ,
ಕಣ್ಣಿಗೆ ಬಿದ್ದ ಕಸ ಊದ್ತೀವಲ್ಲ, ಹಾಗೆ.
ಅವನು ನನಗೆ ತಾಳ್ಮೆಯಿಂದ ಕಲಿಸಿದ್ದು
ಅದೊಂದೇ.

ಮಗ್ಗಗಳು ಗುಜರಿಗೆ, ತೂಕದ ಲೆಕ್ಕದಲ್ಲಿ ಹೋದವು.
ಹಿಸ್ಸೆಯಾಯಿತು. ನಡುಮನೆಯ ನಡುವೆ ಗೋಡೆ ಎದ್ದಿತು.
ಅವನಿಗೆ ಕಿಟಕಿ, ನನಗೆ ನಲ್ಲಿ.
ಆರು ವರ್ಷ.
ಅವನು ಕೆಮ್ಮಿದರೆ ನನಗೆ ಕೇಳುತ್ತದೆ,
ನನ್ನ ಕುಕ್ಕರಿನ ಕೂಗು ಅವನಿಗೂ ಕೇಳುತ್ತಿರಬೇಕು.

ಕಳೆದ ತಿಂಗಳು ಅಟ್ಟ ಗುಡಿಸುವಾಗ ಸಿಕ್ಕಿತು ಡಬ್ಬ,
ಅಪ್ಪನ ನೂಲಿನ ಕಂಡಿಕೆಗಳ ಕೆಳಗೆ.
ಎಸ್‌ಪಿ ರಸ್ತೆಯ ಇಮ್ದಾದ್ ಬೆಸುಗೆ ಹಾಕುತ್ತಾ ಕೇಳಿದ,
'ಅಕ್ಕಾ, ಇವೆಲ್ಲ ಫೋನಲ್ಲೇ ಬಿಟ್ಟಿ ಸಿಗ್ತವೆ.
ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡ್ಕೋಬಹುದು.
ಇದ್ಯಾಕೆ?'
ಇನ್ನೂರು ರೂಪಾಯಿ ಕೊಟ್ಟೆ, ಉತ್ತರ ಕೊಡಲಾಗಲಿಲ್ಲ.
ಬಸ್ಸಿನಲ್ಲಿ ಹೊಳೆಯಿತು:
ಸೇವ್ ಇರಲಿಲ್ಲವಲ್ಲ, ಅದಕ್ಕೇ.
ಕರೆಂಟು ಹೋದರೆ ಮತ್ತೆ ಮೊದಲ ಗೋಡೆಯಿಂದ.
ಡಬ್ಬ ಏನನ್ನೂ ಇಟ್ಟುಕೊಳ್ಳಲಿಲ್ಲ,
ಇಟ್ಟುಕೊಂಡದ್ದೆಲ್ಲ ನಮ್ಮ ಹೆಬ್ಬೆರಳು.
ಕತ್ತಲಲ್ಲೂ ಕಡಿದ ಎಳೆಯನ್ನು
ಅಪ್ಪನ ಬೆರಳು ಹುಡುಕುತ್ತಿದ್ದ ಹಾಗೆ.

ಮಗಳು ಕೇಳುತ್ತಾಳೆ, ಇದರಲ್ಲಿ ಕಥೆ ಏನಮ್ಮ?
ಕಥೆಯಿಲ್ಲ ಪುಟ್ಟಿ.
ಕೆಳಗೊಂದು ಹಕ್ಕಿಯಿದೆ, ಸುತ್ತ ಇಟ್ಟಿಗೆ.
ಇಬ್ಬರೂ ಸೇರಿ ಕಾಯಬೇಕು.
ಇನ್ನೊಂದು ನಿಯಮ, ಮರೆತೇ ಹೋಗಿತ್ತು:
ಜೊತೆಯವನಿಗೆ ನಿನ್ನ ಗುಂಡು ತಗುಲಿದರೆ
ಅವನು ಸಾಯುವುದಿಲ್ಲ.
ಮಿಣುಕುತ್ತಾ ನಿಂತುಬಿಡುತ್ತಾನೆ, ಒಂದು ಗಳಿಗೆ.
ಆಮೇಲೆ ಹೊರಡುತ್ತಾನೆ.
ನನ್ನ ಜೀವ ಮುಗಿದಾಗಲೆಲ್ಲ
ಅವನದ್ದೊಂದು ಕೇಳದೆ ಎಳೆದುಕೊಂಡಿದ್ದೇನೆ.
ಬೈದ. ವಾಪಸ್ಸಂತೂ ಕೇಳಲಿಲ್ಲ.

ಇವತ್ತು ಭಾನುವಾರ. ಮೊದಲನೇ ರಿಮೋಟು ನನ್ನ ಕೈಯಲ್ಲಿ.
ಊದಿದೆ, ಕಣ್ಣಿನ ಕಸಕ್ಕೆ ಊದುವ ಹಾಗೆ.
ಬಾಣವನ್ನು 'ಇಬ್ಬರು' ಎಂಬಲ್ಲಿಗೆ ಇಳಿಸಿ
ಸೌಂಡು ಪೂರ್ತಿ ಏರಿಸಿದೆ.
ಶುರುವಿನ ಆ ತುಂಡು ರಾಗ ಗೋಡೆಗೆ ಬಡಿಯಿತು.
ಆಚೆ ಕೆಮ್ಮು ಅರ್ಧಕ್ಕೇ ನಿಂತಿತು.

ಎರಡನೇ ಟ್ಯಾಂಕು ನಿಂತಲ್ಲೇ ನಿಂತಿದೆ.
ಶತ್ರುಗಳು ಇಳಿಯತೊಡಗಿದ್ದಾರೆ.
ನಾನು ಸ್ಟಾರ್ಟ್ ಒತ್ತಿ
ಆಟವನ್ನು ನಿಲ್ಲಿಸಿದೆ, ಹುಟ್ಟಿದಾಗಿನಿಂದ ಮೊದಲ ಸಲ.

ಗೋಡೆಯಾಚೆ ತಟ್ಟೆ ಸರಿದ ಸದ್ದು.
ಅವನಿನ್ನೂ ಮಜ್ಜಿಗೆಗೆ ಬಂದಿಲ್ಲ.