ಹತ್ತೊಂಬತ್ತನೆಯ ಅಧ್ಯಾಯ

ಬರೆದವರೇ,
ನಿಮ್ಮ ಪುಸ್ತಕ ದಪ್ಪಗಿದೆ. ಬೈತಖೋಲದ ಗಾಳಿಗೆ
ಟೋಕನ್ ಚೀಟಿ ಹಾರದಂತೆ ಮೇಲಿಡಲು
ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.
ಇದು ಬೈಗುಳವಲ್ಲ. ಎರಡು ಸಲ ಓದಿದ್ದೇನೆ.

ಬೋಟೆಲ್ಲ ದಡ ಹತ್ತಿದ ಜೂನಿನಲ್ಲಿ
ಐಸ್ ಪ್ಲಾಂಟಿನ ಒಂದೇ ಕಂಪ್ರೆಸರ್ ಓಡುತ್ತದೆ.
ನನಗೆ ಅರ್ಧ ಸಂಬಳ, ಪೂರ್ತಿ ಹಗಲು.
ಆಗಸ್ಟಿನೊಳಗೆ ಯಾವ ಬೋಟಿಗೆ ಎಷ್ಟು ಬ್ಲಾಕು, ಎಷ್ಟು ಬಾಕಿ,
ಮೊಬೈಲಿನಲ್ಲೇ ಕಾಣಬೇಕಂತೆ ಸೊಸೈಟಿಯವರಿಗೆ.
'ನೀನು ಬಿಕಾಂ ಅಲ್ಲವಾ ಉಜ್ವಲಾ?'

ಎರಡನೆಯ ಅಧ್ಯಾಯದಲ್ಲಿ ಒಂದೇ ಸಾಲು:
'ಸರ್ವರನ್ನು ಸುಲಭವಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ.'
ಆ ಸಾಲಿಗೆ ನನ್ನ ಒಂಬತ್ತು ದಿನ ಹೋಯಿತು.
ಬಿಳಿ ಪರದೆ. ಏನು ತಪ್ಪಿದೆ ಎಂದೂ ಹೇಳದ ಬಿಳಿ,
ಕೋಲ್ಡ್ ರೂಮಿನ ಬಾಗಿಲು ತೆಗೆದಾಗ ಮುಖಕ್ಕೆ ನುಗ್ಗುವ ಹಬೆಯಂಥದು.
ತಪ್ಪನ್ನು ತೋರಿಸು ಎಂದು ಅದಕ್ಕೆ ಹೇಳುವ ಬಗೆ
ಕೊನೆಯ ಪರಿಶಿಷ್ಟದಲ್ಲಿತ್ತು,
ಮುಳುಗುವವನಿಗೆ ಟ್ಯೂಬು ಎಲ್ಲಿದೆಯೆಂದು
ಬೋಟಿನ ಲೈಸೆನ್ಸಿನ ಬೆನ್ನಿಗೆ ಬರೆದಿಟ್ಟ ಹಾಗೆ.

ಕೇಳುವುದಕ್ಕೊಂದು ಬಾಣ, ಕೊಡುವುದಕ್ಕೊಂದು ಬಾಣ,
ನಡುವೆ ಒಂದು ಮೋಡ. ನಿಮ್ಮ ಚಿತ್ರ ತಲೆಗೆ ಹತ್ತಲಿಲ್ಲ.
ಆಮೇಲೆ ಕತ್ತೆತ್ತಿ ನೋಡಿದರೆ ನಾನು ಕೂತದ್ದೇ ಅಲ್ಲಿ.
ಒಂದಡಿ ಕಿಟಕಿ. ಹೊರಗಿನಿಂದ ಒಂದು ಕೈ, ಕೈಯಲ್ಲಿ ಚೀಟಿ.
ಒಳಗಿನ ಅಮೋನಿಯಾ ವಾಸನೆ, ಉಪ್ಪುನೀರಿನ ತೊಟ್ಟಿ,
ಸರಪಳಿಗೆ ನೇತುಬಿದ್ದ ಕ್ಯಾನು
ಆ ಕೈಗೆ ಗೊತ್ತಿಲ್ಲ.
ಅದಕ್ಕೆ ಸಿಗುವುದು ಐಸು, ಇಲ್ಲವೆ 'ಇಲ್ಲ'.
ಕಿಟಕಿ ಸರಿಸಿದೆನೋ, ಯಾರು ಬಂದಿದ್ದರೆಂದು ಮರೆತೆ.
ಪುರ್ಸೊ ತಾಂಡೇಲ ಐದೇ ನಿಮಿಷಕ್ಕೆ ಮರಳಿ ಬಂದರೂ
ನನಗೆ ಹೊಸ ಕೈ.
ಅದಕ್ಕೇ ಅಲ್ಲವೇ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುವುದು?
ನೀವು ಅದನ್ನು ಕುಕೀ ಎಂದು ಕರೆದು ಮೂವತ್ತು ಪುಟ ಬರೆದಿರಿ.
ಬಿಲ್ಲೆ ಎಂದಿದ್ದರೆ ನನಗೆ ಅರ್ಧ ಪುಟ ಸಾಕಿತ್ತು.

ಆದರೂ ನಡೆಯಿತು.
ಚೀಟಿಯಲ್ಲಿ ಬರೆದದ್ದನ್ನು ಹಾಗೇ ಎತ್ತಿ
ಒಳಗಿನ ಲೆಜರಿಗೆ ಒಪ್ಪಿಸು ಎಂದಿರಿ, ಒಪ್ಪಿಸಿದೆ.
ಹದಿನೆಂಟು ಅಧ್ಯಾಯ ಒಪ್ಪಿಸಿದೆ.
ಪುಟ ತೆರೆಯಿತು: ಜಲಕನ್ಯೆ, ಇಪ್ಪತ್ತು ಬ್ಲಾಕು, ಬಾಕಿ ನಾಲ್ಕುನೂರು.
ಒಣಮೀನು ಆರಿಸುತ್ತಿದ್ದ ಶೇವಂತಿ ಬಂದು ಮುಟ್ಟಿ ನೋಡಿದಳು.
ಪರದೆಯ ಮೇಲೆ ಈಗಲೂ ಒಂದು ಹುರುಪೆ ಅಂಟಿಕೊಂಡಿದೆ,
ಒರೆಸಿಲ್ಲ.

ಆಮೇಲೆ ಹತ್ತೊಂಬತ್ತನೆಯ ಅಧ್ಯಾಯ.
ಮೊದಲ ವಾಕ್ಯ: 'ಹೊರಗಿನಿಂದ ಬಂದ ಯಾವುದನ್ನೂ ನಂಬಬಾರದು.'

ಅಲ್ಲ ಮಾರಾಯರೇ.

ನನಗೆ ಹೋದ ವರ್ಷದ ರೋಹಿದಾಸ ನೆನಪಾದ.
ಹೊಸ ಹುಡುಗ. ನಾನು ಊಟಕ್ಕೆ ಎದ್ದಾಗ ಕಿಟಕಿಗೆ ಕೂತವನು.
ಯಾರೋ ತಮಾಷೆಗೆ ಚೀಟಿಯಲ್ಲಿ ಬರೆದುಕೊಟ್ಟರು:
'ಹತ್ತು ಬ್ಲಾಕು. ಆಮೇಲೆ ಹಿಂದಿನ ಬಾಗಿಲು ತೆಗೆದಿಡು.'
ಬರೆದಿದೆಯಲ್ಲ ಎಂದು ಎರಡನ್ನೂ ಮಾಡಿದ.
ಸಂಜೆಗೆ ಐಸೆಲ್ಲ ಕರಗಿ ಜೆಟ್ಟಿಯ ಮೇಲೆ ಹರಿದಿತ್ತು.
ಬೈದರು, ಸಂಬಳ ಮುರಿದರು.
ಮೊದಲ ದಿನ ಅವನಿಗೆ ಯಾರೂ ಹೇಳಿರಲಿಲ್ಲ:
ಚೀಟಿ ಎಂದರೆ ಬೇಡಿಕೆ, ಅಪ್ಪಣೆಯಲ್ಲ.
ನಾನೂ ಹೇಳಿರಲಿಲ್ಲ.

'ಸುಲಭವಾಗಿ' ಎಂಬ ಮಾತು ನಿಮ್ಮಲ್ಲಿ ನೂರಹನ್ನೆರಡು ಸಲ ಬಂದಿದೆ.
ಎಣಿಸಿದೆ, ಮಳೆ ನಿಲ್ಲದ ಒಂದು ದಿನ.
ನಿಮಗೆ ಯಾವುದೂ ಒಮ್ಮೆಯೂ ಕೈಕೊಡಲಿಲ್ಲವೇ?
ಅದೊಂದನ್ನು ಬರೆಯಬಹುದಿತ್ತು: ಯಾವ ಸಾಲು, ಎಷ್ಟು ರಾತ್ರಿ,
ಕೊನೆಗೆ ನೋಡಿದರೆ ಎಂಥ ಚಿಕ್ಕ ಚುಕ್ಕೆ.
ನಿಮ್ಮ ಜಾಣತನ ನನಗೆ ಆಗಸ್ಟಿನ ಮೇಲೆ ಬೇಕಾದೀತು.

ಈಗ ಹದಿನೆಂಟು ಅಧ್ಯಾಯವನ್ನೂ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ.
ತೇವಕ್ಕೆ ನಿಮ್ಮ ಬೈಂಡು ಹೇಗೂ ಬಿಟ್ಟಿತ್ತು.
ಬ್ಲೇಡು ಹಾಕಿ ಹತ್ತೊಂಬತ್ತನೆಯದನ್ನು ಬಿಡಿಸಿ
ಎಲ್ಲಕ್ಕಿಂತ ಮುಂದೆ ತಂದು
ಬಲೆಯ ನೈಲಾನಿನಲ್ಲಿ ಹೊಲಿದಿದ್ದೇನೆ. ಕ್ಷಮಿಸಿ.
ಪುಸ್ತಕ ಈಗ ನಾನೂರಹನ್ನೊಂದನೆಯ ಪುಟದಿಂದ ಶುರುವಾಗುತ್ತದೆ.

ಕಿಟಕಿಯ ಪಕ್ಕ ಕೂತು ರೋಹಿದಾಸ ಓದುತ್ತಿದ್ದಾನೆ.
'ಅಕ್ಕಾ, ಮೊದಲಿನ ಪುಟ ಎಲ್ಲಿ?'
ಬರುತ್ತದೆ, ಎಂದೆ. ಓದು.